ರೋಗಿಯ ಫೋಟೊ ಗ್ರೂಪಿಗೆ ಹಾಕುವ ಮುನ್ನ

ರಾತ್ರಿ ಡ್ಯೂಟಿಯಲ್ಲಿ ಅರ್ಥವಾಗದ ಒಂದು ಎಕ್ಸ್‌ರೇ ಬರುತ್ತದೆ. ಸೀನಿಯರ್‌ಗೆ ವಾಟ್ಸಾಪ್ ಮಾಡುವುದು ತಪ್ಪಲ್ಲ. ಹೇಗೆ ಕಳಿಸುತ್ತೀರಿ ಎನ್ನುವುದೇ ಮುಖ್ಯ.

ಮೊದಲು ರೋಗಿಯ ಒಪ್ಪಿಗೆ ಕೇಳಿ. ಅಡ್ಮಿಷನ್ ವೇಳೆ ಹಾಕಿಸಿಕೊಂಡ ಸಹಿ ಚಿಕಿತ್ಸೆಗೆ, ನಿಮ್ಮ ಇನ್‌ಸ್ಟಾಗ್ರಾಮ್‌ಗಲ್ಲ. "ಇದನ್ನ ಇನ್ನೊಬ್ಬ ಡಾಕ್ಟರಿಗೆ ತೋರಿಸ್ತೀನಮ್ಮ, ಬೇಡ ಅಂದ್ರೂ ಟ್ರೀಟ್‌ಮೆಂಟ್ ನಿಲ್ಲಲ್ಲ" ಎಂದು ಹೇಳಿ. ಫೇಸ್‌ಬುಕ್‌ಗೆ ಹಾಕುವುದಾದರೆ ಬೇರೆಯಾಗಿ ಬರೆಸಿಕೊಳ್ಳಿ.

ಆಮೇಲೆ ಫೋಟೊ. ಬೇಕಾದ ಭಾಗವಷ್ಟೇ ಇರಲಿ. ಹಚ್ಚೆ, ಪಕ್ಕದ ಮಂಚದವರು, ಫಿಲ್ಮ್ ಮೂಲೆಯ ಹೆಸರು, ಐಪಿ ನಂಬರ್ (ಒಳರೋಗಿಯ ನೋಂದಣಿ ಸಂಖ್ಯೆ) ಬೇಡ. ಹೆಸರಿನ ಮೇಲೆ ಮಾರ್ಕರ್‌ನಿಂದ ಗೀಚಬೇಡಿ. ಬ್ರೈಟ್‌ನೆಸ್ ಹೆಚ್ಚಿಸಿದರೆ ಕೆಲವೊಮ್ಮೆ ಓದಲು ಬರುತ್ತದೆ. ಕ್ರಾಪ್ ಮಾಡಿ. ಸ್ಕ್ಯಾನ್ ಯಂತ್ರದಿಂದ ಬರುವ ಮೂಲ ಫೈಲ್ (ಡೈಕಾಮ್) ಕಳಿಸಿದರಂತೂ ಹೆಸರು, ವಯಸ್ಸು ಅದರೊಳಗೇ ಕೂತಿರುತ್ತವೆ.

ಹೆಚ್ಚಿನವರು ಎಡವುವುದು ಫೋಟೊದಲ್ಲಲ್ಲ, ಬರೆಯುವ ಎರಡು ಸಾಲಿನಲ್ಲಿ. "ನಿನ್ನೆ ಸಂಜೆ ಪಕ್ಕದ ಹಳ್ಳಿಯಿಂದ ಬಂದ 34 ವರ್ಷದ ಅಂಗನವಾಡಿ ಟೀಚರ್, ವಿಷ ಸೇವನೆ." ಹೆಸರಿಲ್ಲ, ಆದರೆ ತಾಲ್ಲೂಕಿಗೆಲ್ಲ ಗೊತ್ತಾಯಿತು ಅಲ್ವಾ? ಗುರುತು ಸಿಗದಿದ್ದರೆ ಜರ್ನಲ್‌ನಲ್ಲಿ ಪ್ರಕಟಿಸಲು ಒಪ್ಪಿಗೆ ಬೇಡ ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ, ನಿಜ. ಆದರೆ ಸಿಗುತ್ತದೋ ಇಲ್ಲವೋ ಎಂದು ನಿರ್ಧರಿಸಬೇಕಾದದ್ದು ರೋಗಿಯ ಪಕ್ಕದ ಮನೆಯವರ ಕಣ್ಣಿನಿಂದ. "ಮೂವತ್ತರ ಆಸುಪಾಸಿನ ಮಹಿಳೆ" ಸಾಕು. ದಿನ, ಊರು, ಕೆಲಸ ಬಿಡಿ.

ಗ್ರೂಪಿನಲ್ಲಿ ಯಾರ್ಯಾರಿದ್ದಾರೆ ನೋಡಿ. ಔಷಧ ಕಂಪನಿಯ ಮೆಡಿಕಲ್ ರೆಪ್ ಇದ್ದರೆ ಅದು ಹರಟೆ ಗ್ರೂಪ್, ಕೇಸ್ ಹಾಕುವ ಜಾಗವಲ್ಲ. ಸಲಹೆ ಸಿಕ್ಕ ಮೇಲೆ ಗ್ಯಾಲರಿಯಿಂದಲೂ ಅಳಿಸಿ. ಮನೆಯಲ್ಲಿ ಮಕ್ಕಳು ಅದೇ ಫೋನ್ ಹಿಡಿಯುತ್ತಾರೆ.

ವೈದ್ಯರಿಗೆ ಸೋಷಿಯಲ್ ಮೀಡಿಯಾ ಮಾರ್ಗಸೂಚಿ ಇದ್ದ 2023ರ ಹೊಸ ನಿಯಮಗಳನ್ನು ಬಂದ ತಿಂಗಳಲ್ಲೇ ತಡೆಹಿಡಿಯಲಾಯಿತು. ಅದಕ್ಕೆ ಸುಮ್ನೆ ಖುಷಿಪಡಬೇಡಿ. ರೋಗಿಯ ಗುಟ್ಟು ಕಾಯಬೇಕೆಂಬ 2002ರ ನಿಯಮ ಆಗ ಮತ್ತೆ ಜಾರಿಗೆ ಬಂತು. ಎಚ್‌ಐವಿ, ಮಾನಸಿಕ ಕಾಯಿಲೆ, ಗರ್ಭಪಾತ, ಲೈಂಗಿಕ ದೌರ್ಜನ್ಯದ ಕೇಸ್‌ಗಳಿಗೆ ಪ್ರತ್ಯೇಕ ಕಾನೂನುಗಳೇ ಇವೆ. ಇವನ್ನು ಗ್ರೂಪಿಗೆ ಹಾಕಲೇಬೇಡಿ, ಫೋನ್ ಮಾಡಿ ಕೇಳಿ.

ಕೈತಪ್ಪಿ ಹೋಯಿತೇ? ತಕ್ಷಣ "ಡಿಲೀಟ್ ಫಾರ್ ಎವ್ರಿಒನ್" ಒತ್ತಿ ಅಳಿಸಿ, ಸೇವ್ ಮಾಡಿಕೊಂಡವರಿಗೂ ಅಳಿಸಲು ಹೇಳಿ. ವಿಭಾಗದ ಮುಖ್ಯಸ್ಥರಿಗೆ ಅಂದೇ ತಿಳಿಸಿ. ರೋಗಿಗೆ ಬೇರೆಯವರು ಹೇಳುವ ಮೊದಲು ನೀವೇ ಹೇಳಿ.