24ಕ್ಕೆ ಯಾರನ್ನೂ ಊಟಕ್ಕೆ ಕರೀಬೇಡಿ: ಫಿನ್‌ಲ್ಯಾಂಡಲ್ಲಿ ನನ್ನ ಕ್ರಿಸ್‌ಮಸ್

ನಾನು ದಾವಣಗೆರೆ ವಿದ್ಯಾನಗರದೋಳು, ಆರು ವರ್ಷದಿಂದ ಫಿನ್‌ಲ್ಯಾಂಡಿನ ತಾಂಪೆರೆಯಲ್ಲಿದೀವಿ. ಊರಲ್ಲಿದ್ದಾಗ ನಂಗೆ ಕ್ರಿಸ್‌ಮಸ್ ಅಂದ್ರೆ ಸ್ಕೂಲ್ ಗೆಳತಿ ಮನೆಯಿಂದ ಬರೋ ಸ್ಟೀಲ್ ಡಬ್ಬಿ, ಒಳಗೆ ಕರ್ಜಿಕಾಯಿ ಮತ್ತೆ ಪೇಪರಲ್ಲಿ ಸುತ್ತಿದ ಪ್ಲಮ್ ಕೇಕು, ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅವ್ವ ಅದಕ್ಕೆ ಸಕ್ಕರೆ ತುಂಬಿ ಕಳಿಸೋಳು, ಅಷ್ಟೇ ನನ್ನ ಪಾಲಿನ ಹಬ್ಬ.

ಇಲ್ಲಿ ಮೊದಲ ವರ್ಷ ನಾನು ಮಾಡಿದ ದಡ್ಡತನ ಏನು ಗೊತ್ತಾ, ಹಬ್ಬ ಅಂದ್ರೆ ಹಬ್ಬ ಅಂತ ದೀಪಾವಳಿ ಲೆಕ್ಕದಲ್ಲಿ 24ನೇ ತಾರೀಕು ಸಂಜೆ ಆಫೀಸಿನವರನ್ನೆಲ್ಲಾ ಊಟಕ್ಕೆ ಕರೆದೆ. ಎಲ್ಲರೂ ನಗ್ತಾ ಥ್ಯಾಂಕ್ಸ್ ಅಂದ್ರು, ಒಬ್ಬರೂ ಬರಲಿಲ್ಲ. ಹನ್ನೆರಡು ಜನಕ್ಕೆ ಮಾಡಿದ ಪಲಾವ್ ನಾವು ಮೂವರೇ ನಾಲ್ಕು ದಿನ ತಿಂದ್ವಿ. ಆಮೇಲೆ ಗೊತ್ತಾಯ್ತು, ಇಲ್ಲಿ 24ನೇ ತಾರೀಕೇ ನಿಜವಾದ ಹಬ್ಬ, ಅವತ್ತು ಬಾಗಿಲು ಹಾಕ್ಕೊಂಡು ಮನೆಯವರಷ್ಟೇ ಸೌನಾ ಅನ್ನೋ ಬಿಸಿ ಕೋಣೆಯಲ್ಲಿ ಬೆವರಿ ಸ್ನಾನ, ಊಟ, ಗಿಫ್ಟು. 25ಕ್ಕೂ ಯಾರೂ ಹೊರಗೆ ಬರಲ್ಲ, ಬಸ್ಸೂ ಕಮ್ಮಿ. ನೆಂಟರಿಷ್ಟರ ಮನೆಗೆ ಹೋಗಿ ಬರೋದೆಲ್ಲ 26ಕ್ಕೆ. ಹೊಸದಾಗಿ ಬರೋರಿಗೆ ನಾನು ಹೇಳೋದು ಇದೊಂದೇ, ಕರೆಯೋದಾದ್ರೆ 26ಕ್ಕೆ ಕರೀರಿ.

ಈಗ ನಮ್ಮನೇಲಿ 26ಕ್ಕೆ ಬೆಣ್ಣೆ ದೋಸೆ. ಹೊರಗೆ ಮೈನಸ್ ಹದಿನೈದು, ಮನೆ ಒಳಗೆ ಇಪ್ಪತ್ತೊಂದು ಡಿಗ್ರಿ, ಹಿಟ್ಟು ಎರಡು ದಿನ ಇಟ್ರೂ ಉಬ್ಬಲ್ಲ ನೋಡಿ, ಅದೇ ದೊಡ್ಡ ತಲೆನೋವು. ನಮ್ಮ ಫ್ಲ್ಯಾಟಲ್ಲಿ ಬಾತ್‌ರೂಮಿಗೆ ಅಂಟಿಕೊಂಡು ಪುಟ್ಟ ಕರೆಂಟ್ ಸೌನಾ ಇದೆ, ಸ್ನಾನ ಆದ್ಮೇಲೆ ಅದರ ಕಾವು ಗಂಟೆಗಟ್ಟಲೆ ಇರುತ್ತೆ, ಹಿಟ್ಟಿನ ಪಾತ್ರೆ ಅಲ್ಲಿಡೋಣ ಅಂತ ಐಡಿಯಾ ಬಂತು. ಮೊದಲ ಸಲ ಆತುರ ಬಿದ್ದು ಸೌನಾ ಆಫ್ ಮಾಡಿದ ತಕ್ಷಣ ಮೇಲಿನ ಹಲಗೆ ಮೇಲೆ ಇಟ್ಟೆ, ಹಿಟ್ಟು ಅಂಚಲ್ಲೆಲ್ಲಾ ಬೆಂದು ಇಡ್ಲಿ ಆಗಿತ್ತು! ಈಗ ಒಂದೂವರೆ ಎರಡು ಗಂಟೆ ಬಿಟ್ಟು ಕೆಳಗಿನ ಹಲಗೆ ಮೇಲೆ ಇಡ್ತೀನಿ, ಬೆಳಿಗ್ಗೆ ಮುಚ್ಚಳ ತಳ್ಳಿಕೊಂಡು ಉಬ್ಬಿರುತ್ತೆ. ಅಳತೆ ಅವ್ವನದೇ, ಮೂರು ಲೋಟ ಅಕ್ಕಿಗೆ ಮುಕ್ಕಾಲು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ರುಬ್ಬೋವಾಗ ನೆನೆಸಿದ ಮಂಡಕ್ಕಿ ಎರಡು ಹಿಡಿ. ಮಂಡಕ್ಕಿ ಊರಿಂದಲೇ ತರ್ತೀನಿ, ತೂಕ ಇಲ್ಲ ಆದ್ರೆ ಸೂಟ್‌ಕೇಸಲ್ಲಿ ಜಾಗ ತಿನ್ನುತ್ತೆ, ಅದಕ್ಕೆ ಬಟ್ಟೆ ಸಂದಿಯಲ್ಲೆಲ್ಲಾ ತುರುಕೋದು. ಇಲ್ಲಿ ಗಂಜಿಗೆ ಅಂತ ಮಾರೋ ಗುಂಡು ಅಕ್ಕಿ ಹಾಕಬೇಡಿ, ಕಾವಲಿಗೆ ಅಂಟಿಕೊಂಡು ಪ್ರಾಣ ತಿನ್ನುತ್ತೆ. ಬೆಣ್ಣೆನೂ ಉಪ್ಪಿಲ್ಲದ್ದು ನೋಡಿ ತಗೊಳ್ಳಿ, ಇಲ್ಲಿ ಜಾಸ್ತಿ ಸಿಗೋದು ಉಪ್ಪು ಹಾಕಿದ್ದೇ. ಪಕ್ಕದ ಮನೆ ಮುದುಕರು ಹೋದ ವರ್ಷ ಐದು ದೋಸೆ ತಿಂದ್ರು, ಒಂದು ಮಾತೂ ಆಡಲಿಲ್ಲ, ಹೋಗೋವಾಗ ಮುಂದಿನ ವರ್ಷ ಎಷ್ಟು ಗಂಟೆಗೆ ಬರಲಿ ಅಂತ ಕೇಳಿದ್ರು. ಇಲ್ಲಿಯವರ ಹೊಗಳಿಕೆ ಇದಕ್ಕಿಂತ ಮೇಲೆ ಹೋಗಲ್ಲ.

ಸರಿ, 26ರದ್ದು ಆಯ್ತು, ಆದ್ರೆ 24ನೇ ತಾರೀಕು ಏನ್ಮಾಡೋದು? ಒಂಬತ್ತೂ ಮುಕ್ಕಾಲಿಗೆ ಸೂರ್ಯ ಹುಟ್ತಾನೆ, ಮೂರಕ್ಕೆ ಮುಳುಗೇ ಬಿಡ್ತಾನೆ, ಎರಡು ವರ್ಷ ಅವತ್ತು ಸುಮ್ನೆ ಫೋನ್ ನೋಡ್ತಾ ಅತ್ತಿದೀನಿ ನಾನು. ಈಗ ಒಂದು ಕ್ರಮ ಆಗಿದೆ. ಮಧ್ಯಾಹ್ನ 12ಕ್ಕೆ ಟಿವಿ ಹಾಕ್ತೀವಿ, ತುರ್ಕು ಅನ್ನೋ ಊರಲ್ಲಿ ಹಳೇ ಕಟ್ಟಡದ ಬಾಲ್ಕನಿಯಿಂದ ಕ್ರಿಸ್‌ಮಸ್ ಶಾಂತಿ ಅಂತ ಘೋಷಣೆ ಓದ್ತಾರೆ, ಹಬ್ಬದಲ್ಲಿ ಗಲಾಟೆ ಮಾಡಿದೋರಿಗೆ ಶಿಕ್ಷೆ ಜಾಸ್ತಿ ಅಂತ ಎಚ್ಚರಿಕೆನೂ ಇದೆ ಅದರಲ್ಲಿ, ನಮ್ಮ ಹಳ್ಳಿ ಕಡೆ ಡಂಗುರ ಸಾರಿದಂಗೆ. ಆಮೇಲೆ ಅಕ್ಕಿ ಗಂಜಿ, ಹಾಲಲ್ಲಿ ಸಣ್ಣ ಉರಿ ಮೇಲೆ ಒಂದು ಗಂಟೆ ಬೇಯಿಸಿ ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿ. ಇಡೀ ಪಾತ್ರೆಗೆ ಒಂದೇ ಬಾದಾಮಿ ಹಾಕ್ತಾರೆ, ಯಾರ ಬಟ್ಟಲಿಗೆ ಬಂತೋ ಅವರಿಗೆ ಅದೃಷ್ಟ. ಇದನ್ನ ಅವ್ವಗೆ ಹೇಳಿದ್ದಕ್ಕೆ "ದ್ರಾಕ್ಷಿ ಗೋಡಂಬಿ ಇಲ್ದಂಗೆ ಪಾಯಸ ಮಾಡಿ, ಒಂದು ಬಾದಾಮಿ ಹಾಕಿ ಅದನ್ನೂ ಹುಡುಕ್ಸೋದಾ, ಎಂಥ ಜಿಪುಣರವಾ" ಅಂದ್ಲು. ಇಲ್ಲಿ ಸಾಂಟಾನ ಹೆಸರು ಯೋಲುಪುಕ್ಕಿ, ಪುಕ್ಕಿ ಅಂದ್ರೆ ಹೋತ, ಇದನ್ನ ಕೇಳಿದ್ಮೇಲಂತೂ ನನ್ನ ಮಗ ಸಾಂಟಾನ್ನ ಹೋತಪ್ಪ ಅಂತಲೇ ಕರೆಯೋದು.

ಮೂರು ಗಂಟೆ ಮೇಲೆ ಸ್ಮಶಾನಕ್ಕೆ ಹೋಗ್ತೀವಿ. ಹೌದು, ಹಬ್ಬದ ದಿನವೇ. ಇಲ್ಲಿಯವರು ಅವತ್ತು ಸಂಸಾರ ಸಮೇತ ಹೋಗಿ ಸಮಾಧಿ ಮುಂದೆ ಹಿಮ ಸರಿಸಿ ದೀಪ ಹಚ್ಚಿ ಬರ್ತಾರೆ, ನಮ್ಮ ಪಿತೃಪಕ್ಷ ಇದ್ದಂಗೆ. ಪಕ್ಕದ ಮುದುಕರೇ ಒಂದು ವರ್ಷ ನಮ್ಮನ್ನ ಕಲೆವಾನ್‌ಕಂಗಾಸ್ ಸ್ಮಶಾನಕ್ಕೆ ಕರ್ಕೊಂಡು ಹೋದ್ರು, ನಂದೇನು ಕೆಲಸ ಅಲ್ಲಿ ಅಂತ ಹಿಂದೆ ನಿಂತಿದ್ದೆ, ಅವರು ಒಂದು ಜಾಗ ತೋರಿಸಿದ್ರು, ಬೇರೆ ಊರಲ್ಲಿ ಮಣ್ಣಾದವರಿಗೆ ದೀಪ ಹಚ್ಚೋ ಜಾಗವಂತೆ. ಅಪ್ಪಾಜಿ ಹೋದಾಗ ನಾನು ಎರಡು ಫ್ಲೈಟ್ ಬದಲಾಯಿಸಿ ದಾವಣಗೆರೆ ಮುಟ್ಟೋ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು, ಮುಖ ನೋಡಲಿಲ್ಲ ನಾನು.

ಈಗ ಪ್ರತಿ ವರ್ಷ ಒಂದು ದೀಪ ಒಯ್ತೀನಿ. ಸೂಪರ್‌ಮಾರ್ಕೆಟಲ್ಲೇ ಸಿಗುತ್ತೆ, ಗಾಳಿ ಹಿಮ ತಡೆಯೋಕೆ ಮುಚ್ಚಳ ಇರೋ ಪ್ಲಾಸ್ಟಿಕ್ ಲೋಟದ ಕ್ಯಾಂಡಲ್ಲು, ಎರಡು ದಿನ ಉರಿಯುತ್ತೆ. ಲೈಟರ್ ನಂಬ್ಕೊಂಡು ಹೋಗಬೇಡಿ ಮಾತ್ರ, ಚಳಿಗೆ ಅದರ ಗ್ಯಾಸ್ ಏಳಲ್ಲ, ಗ್ಲೌಸ್ ಬಿಚ್ಚಿ ಹತ್ತು ನಿಮಿಷ ಟಕಟಕ ಅನ್ಸಿ ಬೆರಳು ಮರಗಟ್ಟಿ ಕೊನೆಗೆ ಪಕ್ಕದ ಹೆಂಗಸಿನ ಹತ್ರ ಬೆಂಕಿಪೊಟ್ಟಣ ಇಸ್ಕೊಂಡಿದ್ದೆ ನಾನು. ಲೈಟರೇ ಬೇಕು ಅಂದ್ರೆ ಒಳಗಿನ ಜೇಬಲ್ಲಿ ಮೈಗೆ ಒತ್ತಿ ಇಟ್ಕೊಳ್ಳಿ.

ಹೋದ ಸಲ ಅಲ್ಲಿಂದಲೇ ಅವ್ವಗೆ ವಿಡಿಯೋ ಕಾಲ್ ಮಾಡಿದೆ, ನಮಗೆ ಮೂರೂವರೆ, ಅವಳಿಗೆ ರಾತ್ರಿ ಏಳು. ಕತ್ತಲು, ಹಿಮ, ನೂರಾರು ದೀಪ. "ಏನವಾ ಇದು, ಲಕ್ಷದೀಪ ಹಚ್ಚಿದಂಗೈತಲ್ಲ" ಅಂದ್ಲು. ಸ್ವಲ್ಪ ಹೊತ್ತು ಸುಮ್ನಿದ್ದು "ಅವರದು ಯಾವುದು?" ಅಂದ್ಲು. ಮೂರನೇ ಸಾಲಲ್ಲಿ ಬಿಳೀದು ಅಂತ ಫೋನ್ ಹತ್ರ ಹಿಡಿದೆ.

"ಬರೇ ಹಂಗೇ ಇಟ್ಟೀಯಲ್ಲ, ಒಂದೀಟು ವಿಭೂತಿ ಹಚ್ಚಬಾರದಾ?"

ಈ ಸಲ ಮಂಡಕ್ಕಿ ಜೊತೆ ವಿಭೂತಿ ಗಟ್ಟಿನೂ ಬಂದಿದೆ. ಪ್ಲಾಸ್ಟಿಕ್ ಮೇಲೆ ನಿಲ್ಲುತ್ತಾ ಅಂತ ಮೊನ್ನೆ ಮನೇಲಿ ಹಚ್ಚಿ ನೋಡಿದೆ, ಒಣಗಿದ್ದು ಉದುರುತ್ತೆ, ಸ್ವಲ್ಪ ನೀರಲ್ಲಿ ತೇಯ್ದು ಹಚ್ಚಿದ್ರೆ ನಿಲ್ಲುತ್ತೆ.