ನನ್ನ ಲೆಕ್ಕದಲ್ಲಿ ಕುಡಿದಷ್ಟೂ ಬಿಪಿ ಇಳಿದಿತ್ತು

ಮೊದಲ ಸಲ ಲೆಕ್ಕ ಮುಗಿಸಿದಾಗ ಬಂದ ಉತ್ತರ ಇದು: ಜಾಸ್ತಿ ಕುಡಿದರೆ ಬಿಪಿ ಇಳಿಯುತ್ತದೆ. ರಾತ್ರಿ ಹನ್ನೊಂದಾಗಿತ್ತು. ಮೊದಲು ನಗು ಬಂತು, ಆಮೇಲೆ ನಿದ್ದೆ ಬರಲಿಲ್ಲ.

ನಾನು ಸಂಖ್ಯಾಶಾಸ್ತ್ರ ಓದಿದವಳು. ಮದ್ಯಕ್ಕೂ ಹೃದಯಕ್ಕೂ ಇರುವ ನಂಟನ್ನು ಜೀನ್ ಮೂಲಕ ನೋಡುವುದನ್ನು ಕಲಿಯಲು ಹೊರಟಿದ್ದೆ. ಈ ವಿಧಾನಕ್ಕೆ ಮೆಂಡೆಲಿಯನ್ ರ‍್ಯಾಂಡಮೈಸೇಶನ್ ಅನ್ನುತ್ತಾರೆ. ಹೆಸರು ದೊಡ್ಡದು, ಉಪಾಯ ಚಿಕ್ಕದು. ಎಷ್ಟು ಕುಡಿಯುತ್ತೀರಿ ಎಂದು ಜನರನ್ನೇ ಕೇಳಿ ಲೆಕ್ಕ ಹಾಕಿದರೆ, ಸ್ವಲ್ಪ ಕುಡಿಯುವವರ ಹೃದಯ ಕುಡಿಯದವರದಕ್ಕಿಂತ ಚೆನ್ನಾಗಿರುವಂತೆ ಕಾಣುತ್ತದೆ. ಆದರೆ ಕುಡಿಯದವರ ಗುಂಪಿನಲ್ಲಿ ಕಾಯಿಲೆ ಬಂದು ಬಿಟ್ಟವರೂ ಇರುತ್ತಾರೆ, ಅಲ್ವಾ? ಜೀನ್ ಹಾಗಲ್ಲ. ಅದು ಹುಟ್ಟುವ ಮೊದಲೇ ಚೀಟಿ ಎತ್ತಿದ ಹಾಗೆ ಸಿಕ್ಕಿರುತ್ತದೆ. ಕಾಯಿಲೆ ಬಂತೆಂದು ಬದಲಾಗುವುದಿಲ್ಲ.

ನಾನು ಹಿಡಿದದ್ದು ಎಡಿಎಚ್1ಬಿ ಜೀನ್‌ನ ಒಂದೇ ಒಂದು ಜಾಗ, ಆರ್‌ಎಸ್1229984. ಡಿಎನ್‌ಎ ಅನ್ನುವುದು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳ ಬರಹ. ಆ ಜಾಗದಲ್ಲಿ ಅಪರೂಪದ ಅಕ್ಷರ ಇದ್ದವರ ದೇಹ ಮದ್ಯವನ್ನು ಬೇಗ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಮಾಡಿಬಿಡುತ್ತದೆ. ಮೈಗೆ ಹಿತವಾಗುವುದಿಲ್ಲ, ಕಡಿಮೆ ಕುಡಿಯುತ್ತಾರೆ. ಬ್ರಿಟನ್ನಿನ ಲಕ್ಷಾಂತರ ಜನರ ಜೀನ್ ಮತ್ತು ಆರೋಗ್ಯದ ಮಾಹಿತಿ ಕೂಡಿಟ್ಟ ಯುಕೆ ಬಯೋಬ್ಯಾಂಕ್‌ನ ಸಾರಾಂಶ ಅಂಕಿಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಜೀನ್ ಬಿಪಿಯನ್ನು ಎಷ್ಟು ಬದಲಿಸುತ್ತದೋ ಅದನ್ನು, ಜೀನ್ ಕುಡಿತವನ್ನು ಎಷ್ಟು ಬದಲಿಸುತ್ತದೋ ಅದರಿಂದ ಭಾಗಿಸಬೇಕು. ಇಷ್ಟೇ ಗಣಿತ. ಹಳೇ ಲ್ಯಾಪ್‌ಟಾಪ್ ಸಾಕು.

ಉತ್ತರ ಉಲ್ಟಾ ಬಂದಾಗ ನನ್ನ ಅನುಮಾನ ಹೋದದ್ದು ಅಕ್ಷರಗಳ ಮೇಲೆ. ಪ್ರಬಂಧಗಳಲ್ಲಿ ಅಪರೂಪದ ಅಕ್ಷರ 'ಎ', ಫೈಲಿನಲ್ಲಿ 'ಟಿ' ಮತ್ತು 'ಸಿ'. ಈ ಜೀನ್ ಡಿಎನ್‌ಎಯ ಎದುರು ಎಳೆಯ ಮೇಲಿದೆ, ಹಾಗಾಗಿ ಅಲ್ಲಿನ 'ಎ' ಇಲ್ಲಿ 'ಟಿ'. ಸಾಲದ್ದಕ್ಕೆ ಮಾನವ ಜೀನೋಮ್‌ನ ಮಾದರಿ ಪ್ರತಿಯಲ್ಲಿ ಕೂತಿರುವುದು ಯುರೋಪಿನವರಲ್ಲಿ ಅಪರೂಪವಾದ ಈ 'ಟಿ'ಯೇ. ಎರಡು ದಿನ ಇದರಲ್ಲೇ ಒದ್ದಾಡಿದೆ. ಕೊನೆಗೆ ಯಾವ ಅಕ್ಷರ ಎಷ್ಟು ಜನರಲ್ಲಿದೆ ಎಂದು ನೋಡಿದೆ. ಅಕ್ಷರ ಸರಿಯಾಗಿಯೇ ಇತ್ತು.

ತಪ್ಪು ಇದ್ದದ್ದು ಪ್ರಶ್ನಾವಳಿಯಲ್ಲಿ. ಅಂದರೆ, ಅದನ್ನು ಓದದ ನನ್ನಲ್ಲಿ. ಎಷ್ಟು ಸಲ ಕುಡಿಯುತ್ತೀರಿ ಎಂಬ ಪ್ರಶ್ನೆಗೆ 1 ಅಂದರೆ ಹೆಚ್ಚುಕಡಿಮೆ ದಿನಾ, 6 ಅಂದರೆ ಇಲ್ಲವೇ ಇಲ್ಲ. ಅಂಕೆ ಏರಿದಷ್ಟೂ ಕುಡಿತ ಕಮ್ಮಿ! ನಾನು ಏರಿದರೆ ಜಾಸ್ತಿ ಎಂದುಕೊಂಡಿದ್ದೆ. ಮೈನಸ್ ತಿರುಗಿಸಿದೆ. ಕುಡಿತ ಏರಿದರೆ ಬಿಪಿ ಏರಿತು.

ಈಗಲೂ ನನಗೆ ಹೆದರಿಕೆ ಹುಟ್ಟಿಸುವುದು ಬೇರೆ. ಬಿಪಿ ಬದಲು ಹಾರ್ಟ್ ಅಟ್ಯಾಕ್‌ನಿಂದ ಶುರು ಮಾಡಿದ್ದರೆ? ಇದೇ ತಪ್ಪಿಗೆ 'ಕುಡಿದರೆ ಹೃದಯಕ್ಕೆ ಒಳ್ಳೇದು' ಎಂದು ಬರುತ್ತಿತ್ತು. ನಮ್ಮ ಚಿಕ್ಕಪ್ಪ ಮದುವೆ ಮನೆಗಳಲ್ಲಿ ಹೇಳುವ ಮಾತೂ ಅದೇ. ನಾನು ನಂಬಿ ಮುಂದೆ ಹೋಗಿಬಿಡುತ್ತಿದ್ದೆ.

ಲೆಕ್ಕ ಇನ್ನೊಂದು ಬಗೆಯಲ್ಲೂ ಮೋಸ ಮಾಡಬಹುದು: ಜೀನ್ ಕುಡಿತದ ಮೂಲಕವಲ್ಲದೆ ಬೇರೆ ದಾರಿಯಲ್ಲಿ ಬಿಪಿ ಬದಲಿಸಿರಬಹುದು. ಈ ಮೋಸವನ್ನು ಹಿಡಿಯುವ ಚೆಂದದ ದಾರಿ ನಾನು ಕಂಡದ್ದು ಚೀನಾದ ಕಡೂರಿ ಬಯೋಬ್ಯಾಂಕ್‌ನ 2019ರ ಅಧ್ಯಯನದಲ್ಲಿ. (ಅದನ್ನು ಓದುವಾಗೆಲ್ಲ ನನಗೆ ನಮ್ಮ ಕಡೂರೇ ನೆನಪಾಗುತ್ತದೆ.) ಅಲ್ಲಿ ಸುಮಾರು 1,61,000 ಜನರ ಜೀನ್ ನೋಡಿದರು. ಎಡಿಎಚ್1ಬಿ ಜೊತೆಗೆ ಎಎಲ್‌ಡಿಎಚ್2 ಕೂಡ. ಆ ಜೀನ್‌ನಲ್ಲಿ ಒಂದು ಅಕ್ಷರ ಬೇರೆ ಇದ್ದರೆ, ಕುಡಿದಾಗ ಮುಖ ಕೆಂಪಾಗಿಸಿ ಹೆಚ್ಚು ಕುಡಿಯಲು ಬಿಡುವುದಿಲ್ಲ. ಗಂಡಸರಲ್ಲಿ ಜೀನ್ ನೋಡಿ ಅಂದಾಜು ಮಾಡಿದ ಕುಡಿತ ಏರಿದಂತೆ ಬಿಪಿಯೂ ಪಾರ್ಶ್ವವಾಯುವೂ ಏರಿದವು. ಸ್ವಲ್ಪ ಕುಡಿದರೆ ರಕ್ಷಣೆ ಅನ್ನುವುದು ಪಾರ್ಶ್ವವಾಯುವಿನ ಮಟ್ಟಿಗೆ ಕಾಣಲಿಲ್ಲ. ಹೃದಯಾಘಾತದ ಲೆಕ್ಕ ಅಷ್ಟು ಸ್ಪಷ್ಟವಾಗಿ ಬರಲಿಲ್ಲ, ಇದನ್ನೂ ಹೇಳಬೇಕು. ಹೆಂಗಸರಲ್ಲಿ ವಾರಕ್ಕೊಮ್ಮೆ ಕುಡಿಯುವವರು ನೂರಕ್ಕೆ ಇಬ್ಬರು. ಜೀನ್ ಅದೇ, ಕುಡಿತ ಮಾತ್ರ ಇಲ್ಲ. ಅವರಲ್ಲಿ ಬಿಪಿ ಏರಲಿಲ್ಲ. ಅಂದರೆ ಗಂಡಸರಲ್ಲಿ ಬಿಪಿ ಏರಿಸಿದ್ದು ಜೀನ್‌ನ ಬೇರೆ ಯಾವುದೋ ಕೆಲಸ ಅಲ್ಲ, ಕುಡಿತವೇ. ಇದನ್ನು ಓದಿ ಕುರ್ಚಿಯಿಂದ ಎದ್ದು ಒಂದು ಸುತ್ತು ನಡೆದುಬಂದೆ.

ನಮ್ಮಲ್ಲೂ ಹೀಗೇ ಮಾಡಬಹುದಲ್ಲಾ ಎಂದು ಸ್ನೇಹಿತೆ ಕೇಳಿದಳು. ಕುಡಿಯದ ಹೆಂಗಸರು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ಆದರೆ ಎಎಲ್‌ಡಿಎಚ್2ರ ಆ ಅಕ್ಷರ ಪೂರ್ವ ಏಷ್ಯಾದವರಲ್ಲಿ ಸಾಮಾನ್ಯ, ನಮ್ಮವರಲ್ಲಿ ತೀರಾ ಅಪರೂಪ. ಹಿಡಿಯಲು ಬೇರೆ ಹಿಡಿಕೆ ಹುಡುಕಬೇಕು.

ನನ್ನ ಪ್ರೋಗ್ರಾಂ ಫೈಲಿನ ಮೊದಲ ಸಾಲಿನಲ್ಲಿ ಈಗ ಹೀಗಿದೆ: 1 ಅಂದ್ರೆ ದಿನಾ, 6 ಅಂದ್ರೆ ಇಲ್ಲ.