ಅಂಬಲಿ, ಮಜ್ಜಿಗೆ ಮತ್ತು ಅವಸರವಿಲ್ಲದ ಊಟ

ಮನೆಯಲ್ಲಿ ಯಾರಾದರೂ ವಿನಾಕಾರಣ ಸಿಡುಕುತ್ತಿದ್ದರೆ ನಿದ್ರೆಯ ಜೊತೆಗೆ ಅವರ ಹೊಟ್ಟೆಯನ್ನೂ ವಿಚಾರಿಸುವುದು ನನ್ನ ರೂಢಿ. ಮಲಬದ್ಧತೆಯಿಂದ, ಹೊಟ್ಟೆಯುಬ್ಬರದಿಂದ ಬಳಲುವವರ ಮನಸ್ಸು ಹಗುರವಾಗಿರುವುದನ್ನು ನಾನು ಕಂಡದ್ದು ಅಪರೂಪ. ಕರುಳಿಗೂ ಮಿದುಳಿಗೂ ನಡುವೆ ವೇಗಸ್ ನರದ ಮೂಲಕ ಸಂದೇಶಗಳು ಎರಡೂ ಕಡೆಗೆ ಹರಿಯುತ್ತವೆ, ಮನಃಸ್ಥಿತಿಯ ಮೇಲೆ ಪ್ರಭಾವ ಬೀರುವ ರಾಸಾಯನಿಕವಾದ, ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ 90ರಷ್ಟು ಕರುಳಿನಲ್ಲಿಯೇ ತಯಾರಾಗುತ್ತದೆ. ಅದು ನೇರವಾಗಿ ಮಿದುಳನ್ನು ಸೇರುವುದಿಲ್ಲ; ಆದ್ದರಿಂದ ಇಂಥದ್ದನ್ನು ತಿಂದರೆ ದುಃಖ ಮಾಯವಾಗುತ್ತದೆ ಎಂಬ ಮಾತನ್ನು ನಂಬಬೇಡಿ.

ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ನಾರು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ಹಾಗಾಗಿ ನಾನು ಮೊದಲು ಹೇಳುವುದು ಅಂಬಲಿಯನ್ನೇ. ರಾತ್ರಿ ರಾಗಿಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಮುಚ್ಚಿಟ್ಟು, ಬೆಳಿಗ್ಗೆ ಹದವಾಗಿ ಹುಳಿ ಬಂದ ಮೇಲೆ ಕುದಿಯುವ ನೀರಿಗೆ ಹಾಕಿ, ಕೈಬಿಡದೆ ತಿರುವುತ್ತ ಹಸಿವಾಸನೆ ಹೋಗುವವರೆಗೆ ಬೇಯಿಸಿ. ಮಜ್ಜಿಗೆಯನ್ನು ಗಂಜಿ ಪೂರ್ತಿ ಆರಿದ ಮೇಲೆಯೇ ಬೆರೆಸಬೇಕು, ಏಕೆಂದರೆ ಬಿಸಿಗೆ ಬಿದ್ದರೆ ಅದರಲ್ಲಿರುವ ಜೀವಂತ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಈರುಳ್ಳಿ, ಜೀರಿಗೆ, ಕರಿಬೇವು ಸೇರಿದರೆ ರುಚಿ ತಾನಾಗಿ ಬರುತ್ತದೆ. ಉಪ್ಪು ಮಾತ್ರ ಹಿಡಿತದಲ್ಲಿರಲಿ, ಒಬ್ಬರಿಗೆ ದಿನಕ್ಕೆ ಒಟ್ಟು 5 ಗ್ರಾಂ ಮೀರಬಾರದು.

ಸೊಪ್ಪಿನ ಸಾರು, ಹುರುಳಿ, ಮೊಳಕೆ ಬರಿಸಿದ ಹೆಸರುಕಾಳು ಇವೂ ಸರದಿಯಂತೆ ಬರಲಿ. ಆದರೆ ನಾರಿನ ಅಭ್ಯಾಸವಿಲ್ಲದವರು ಒಮ್ಮೆಲೇ ಹೆಚ್ಚು ತಿಂದರೆ ವಾಯು ತುಂಬಿ ಕಷ್ಟಪಡುತ್ತಾರೆ. ವಾರದಿಂದ ವಾರಕ್ಕೆ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಏರಿಸಿ, ನೀರನ್ನೂ ಹೆಚ್ಚಿಸಿ. ಮಲದಲ್ಲಿ ರಕ್ತ ಕಂಡರೆ, ತೂಕ ಕಾರಣವಿಲ್ಲದೆ ಇಳಿದರೆ, ಬೇಸರ ವಾರಗಟ್ಟಲೆ ಬಿಡದಿದ್ದರೆ ಅಡುಗೆಮನೆಯಲ್ಲಿ ಮದ್ದು ಹುಡುಕದೆ ವೈದ್ಯರಲ್ಲಿಗೆ ಹೋಗಿ.

ಏನನ್ನು ತಿನ್ನುತ್ತೇವೆ ಎಂಬುದರಷ್ಟೇ ಹೇಗೆ ತಿನ್ನುತ್ತೇವೆ ಎಂಬುದೂ ನನಗೆ ಮುಖ್ಯ. ಹೊಟ್ಟೆ ತುಂಬಿದ ಅರಿವು ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕಾಗುವುದರಿಂದ, ಮೊಬೈಲ್ ನೋಡುತ್ತ ಐದು ನಿಮಿಷದಲ್ಲಿ ತಟ್ಟೆ ಬರಿದು ಮಾಡುವವರು ಬೇಕಾದುದಕ್ಕಿಂತ ಹೆಚ್ಚು ಉಂಡಿರುತ್ತಾರೆ, ಸರಿಯಾಗಿ ಅಗಿದಿರುವುದೂ ಇಲ್ಲ. ಊಟದ ಹೊತ್ತಿಗೆ ಎಲ್ಲರ ಮೊಬೈಲುಗಳನ್ನೂ ಬೇರೆ ಕೋಣೆಯಲ್ಲಿಡಿ, ಮೊದಲು ಸ್ವಲ್ಪವೇ ಬಡಿಸಿ, ಎರಡನೆಯ ಸಲ ಬಡಿಸುವ ಮುನ್ನ ಒಂದಿಷ್ಟು ಮಾತನಾಡಿ. ಮಕ್ಕಳು ಸಾಕೆಂದಾಗ ಇನ್ನೊಂದು ತುತ್ತಿಗೆ ಒತ್ತಾಯಿಸಬೇಡಿ.